ತವರಿನ ಜಮೀನು: ‘ಬಂದು ಒಂದು ಸಹಿ ಹಾಕು’ ಅಂದಾಗ

ಪ್ರಶ್ನೆ: ತಂದೆ ತೀರಿಕೊಂಡಿದ್ದಾರೆ. ತಾಯಿ, ಅಣ್ಣ, ಮದುವೆಯಾದ ಇಬ್ಬರು ಹೆಣ್ಣುಮಕ್ಕಳು ನಾವು. ತಂದೆ ಹೆಸರಲ್ಲಿ 3 ಎಕರೆ 20 ಗುಂಟೆ ಇದೆ. ಖಾತೆ ಬದಲಾವಣೆಗೆ ಸಹಿ ಬೇಕು ಅಂತ ಅಣ್ಣ ಕರೀತಿದ್ದಾರೆ. ಪಾಲು ಅಂದರೆ ತವರಿನ ಬಾಗಿಲು ಮುಚ್ಚಿದ ಹಾಗೆ ಅಂತ ಚಿಕ್ಕಪ್ಪಂದಿರು ಹೇಳ್ತಾರೆ. ತಿಳಿದವರು ದಾರಿ ಹೇಳಿ.

ಉತ್ತರ 1: ಸಹಿ ಯಾವ ಕಾಗದಕ್ಕೆ ಅಂತ ಮೊದಲು ಕೇಳಿ. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸುವುದಕ್ಕೆ, ಮುಖ್ಯವಾಗಿ ಬೇಕಾದ್ದು ಮರಣ ಪ್ರಮಾಣಪತ್ರ, ವಂಶವೃಕ್ಷ, ಅರ್ಜಿ. ಹೆಣ್ಣುಮಕ್ಕಳು ಹಕ್ಕು ಬಿಡಲೇಬೇಕು ಅನ್ನುವ ನಿಯಮ ಎಲ್ಲೂ ಇಲ್ಲ, ನಾಲ್ವರ ಹೆಸರಿಗೂ ಜಂಟಿಯಾಗಿ ಖಾತೆ ಆಗುತ್ತೆ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಬನ್ನಿ ಅಂದರೆ ಅದು ಬರೀ ಖಾತೆ ಕೆಲಸವಲ್ಲ. ಕರಡನ್ನು ವಾಟ್ಸಾಪ್‌ನಲ್ಲಿ ತರಿಸಿಕೊಂಡು ತಲೆಬರಹ ಓದಿ. ‘ಹಕ್ಕು ಬಿಡುಗಡೆ ಪತ್ರ’ ಅಥವಾ ‘ಹಕ್ಕು ಖುಲಾಸೆ ಪತ್ರ’ ಅಂತಿದ್ದರೆ ಅದು ನಿಮ್ಮ ಪಾಲನ್ನೇ ಬಿಟ್ಟುಕೊಡುವ ಕಾಗದ, ಒಳಗೆ ಅರಿಶಿನ ಕುಂಕುಮದ ಬಾಬ್ತು ಇಷ್ಟು ಹಣ ಮುಟ್ಟಿದೆ ಅಂತ ಒಂದು ಸಾಲು ಇರಬಹುದು. ಆ ಹಣ ನಿಜವಾಗಿ ಕೈಗೆ ಬರುತ್ತಾ ನೋಡಿ. ಖಾಲಿ ಛಾಪಾ ಕಾಗದಕ್ಕಂತೂ ಯಾರು ಕೇಳಿದರೂ ಸಹಿ ಬೇಡ.

ವಂಶವೃಕ್ಷದ ಪ್ರತಿಯನ್ನೂ ಕೇಳಿ. ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟು ಮಾಡಿಸುವುದು ಹಳೇ ಚಾಳಿ. ಹಾಗಾಗಿದ್ದರೆ ತಹಶೀಲ್ದಾರ್ ಕಚೇರಿಗೆ ಲಿಖಿತ ತಕರಾರು ಕೊಟ್ಟು, ಇಡೀ ಕುಟುಂಬದ ಹಳೇ ಪಡಿತರ ಚೀಟಿ, ತಂದೆಯ ಹೆಸರಿರುವ ಶಾಲೆಯ ಟಿ.ಸಿ. ಲಗತ್ತಿಸಿ, ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ತಕರಾರಿಗೆ ಬೆಲೆ ಇಲ್ಲ.

ಉತ್ತರ 2: ಪಾಲಿನ ಲೆಕ್ಕ ಜಮೀನು ಎಲ್ಲಿಂದ ಬಂತು ಅನ್ನುವುದರ ಮೇಲೆ. (ಇದು ಹಿಂದೂ ಉತ್ತರಾಧಿಕಾರ ಕಾಯ್ದೆಯ ಮಾತು. ಹೆಣ್ಣಿನ ಕಡೆಯಿಂದ ಆಸ್ತಿ ಸಾಗುವ ಕರಾವಳಿಯ ಅಳಿಯಸಂತಾನದ ಕುಟುಂಬಗಳ ಲೆಕ್ಕ ಬೇರೆ.) ತಂದೆಯೇ ದುಡಿದು ಕೊಂಡದ್ದಾಗಿದ್ದು ಉಯಿಲು ಇಲ್ಲದಿದ್ದರೆ, 140 ಗುಂಟೆಯಲ್ಲಿ ನಾಲ್ವರಿಗೂ ತಲಾ 35 ಗುಂಟೆ. ತಂದೆಯ ತಾಯಿ ಬದುಕಿದ್ದರೆ ಐದು ಪಾಲು, ತಲಾ 28. ಇದನ್ನು ಮರೆಯುವವರೇ ಹೆಚ್ಚು.

ಪಿತ್ರಾರ್ಜಿತವಾದರೆ 2005ರ ತಿದ್ದುಪಡಿಯಿಂದ ಮಗಳೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕುದಾರಳು, ಮದುವೆ ಆಗಿದ್ದರೂ. ಆ ತಿದ್ದುಪಡಿ ಜಾರಿಯಾದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಲೇಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದೆ. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ವಿಭಾಗ ಪತ್ರ, ಕೋರ್ಟ್ ಡಿಕ್ರಿ ಅಥವಾ ಮಾರಾಟ ಇದ್ದರೆ ಅದನ್ನು ಕೆದಕಲು ಬರುವುದಿಲ್ಲ. ಅದಕ್ಕೇ ಜಮೀನಿನ ಮೇಲಾದ ನೋಂದಣಿ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರ, ಅಂದರೆ ಇ.ಸಿ., ಆದಷ್ಟು ಹಿಂದಿನಿಂದ ತೆಗೆಸಿ. ಹಿರಿಯರು ಬಾಯಲ್ಲೇ ಪಾಲು ಮಾಡಿಬಿಟ್ಟಿದ್ದರು ಅನ್ನುವ ವಾದ, ಗಟ್ಟಿ ಸರ್ಕಾರಿ ದಾಖಲೆಯ ಬೆಂಬಲವಿಲ್ಲದೆ ನಿಲ್ಲುವುದು ಕಷ್ಟ. ಮದುವೆ ಖರ್ಚಿಗೆ ನಿಮ್ಮ ಪಾಲು ಮುಗೀತು ಅನ್ನುವುದಕ್ಕೂ ಕಾನೂನಿನಲ್ಲಿ ಆಧಾರವಿಲ್ಲ.

ಉತ್ತರ 3: ಮೇಲಿನವರು ಹೇಳಿದ್ದು ಸರಿ, ಆದರೆ ಪಹಣಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ಹಕ್ಕು ಹೋಗಲ್ಲ ಅಂತಲೂ ತಿಳಿದಿರಲಿ. ಪಹಣಿ ಕಂದಾಯದ ದಾಖಲೆ, ಒಡೆತನ ತೀರ್ಮಾನಿಸುವುದು ಸಿವಿಲ್ ಕೋರ್ಟ್. ಅಣ್ಣನ ಒಬ್ಬರ ಹೆಸರಿಗೇ ಖಾತೆಯಾದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬಹುದು. ಜಮೀನು ಮಾರುವ ಸುಳಿವಿದ್ದರೆ ಮೇಲ್ಮನವಿ ಮುಗಿಯಲಿ ಅಂತ ಕಾಯಬೇಡಿ. ವಿಭಾಗದ ದಾವೆ ಹೂಡಿ, ಜೊತೆಗೇ ತಾತ್ಕಾಲಿಕ ತಡೆಯಾಜ್ಞೆ ಕೇಳಿ. ಮೋಸದಿಂದಲೋ ಬೆದರಿಸಿಯೋ ಈಗಾಗಲೇ ಬಿಡುಗಡೆ ಪತ್ರ ಬರೆಸಿಕೊಂಡಿದ್ದರೆ ಅದರ ರದ್ದತಿಗೆ ವಿಷಯ ಗೊತ್ತಾದಾಗಿನಿಂದ 3 ವರ್ಷದೊಳಗೆ ಕೋರ್ಟಿಗೆ ಹೋಗಬೇಕು. ‘ಇನ್ನೊಂದು ಹಬ್ಬ ಕಳೀಲಿ’ ಅಂತ ಮುಂದೂಡಿ ಅವಧಿ ಮೀರುವುದೇ ಜಾಸ್ತಿ. ವಕೀಲರ ಖರ್ಚಿಗೆ ಹೆದರಬೇಡಿ: ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತೆ, ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಿ. ಸಹಾಯವಾಣಿ 15100.

ಉತ್ತರ 4: ಚಿಕ್ಕಪ್ಪಂದಿರ ಮಾತಿಗೆ. ಜಂಟಿ ಖಾತೆ ಅಂದ ತಕ್ಷಣ ಪಾಲು ಒಡೆದ ಹಾಗಲ್ಲ. ಖಾತೆ ನಾಲ್ವರ ಹೆಸರಲ್ಲಿರಲಿ, ಉಳುಮೆ ಅಣ್ಣನೇ ಮಾಡಲಿ ಅನ್ನಿ, ಅರ್ಧ ಜಗಳ ಅಲ್ಲೇ ತಣ್ಣಗಾಗುತ್ತೆ. ಅಣ್ಣನ ಅಡಚಣೆ ಬೆಳೆ ಸಾಲವಾದರೆ, ಜಂಟಿ ಖಾತೆಗೆ ಏನೇನು ಸಹಿ ಬೇಕು ಅಂತ ಅವರ ಸೊಸೈಟಿಯಲ್ಲೇ ವಿಚಾರಿಸಿ, ಅಷ್ಟಕ್ಕೆ ಮಾತ್ರ ಒಪ್ಪಿಗೆ ಕೊಡಿ. ಮನಸ್ಸಾರೆ ಬಿಟ್ಟುಕೊಡುವುದಿದ್ದರೂ ಮೊದಲು ಹೆಸರು ಸೇರಲಿ, ವರ್ಷ ಬಿಟ್ಟು ಕೊಟ್ಟರಾಯಿತು. ಹಣಕ್ಕೆ ಬಿಡುವುದಾದರೆ ಪೂರ್ತಿ ಮೊತ್ತ ಬ್ಯಾಂಕ್ ಮೂಲಕ ಬರಲಿ, ನೋಂದಣಿ ಆಮೇಲೆ.

ಇನ್ನು ತಾಯಿಯ ಪಾಲು. ಮಗನ ಜೊತೆ ಒಂದೇ ಮನೆಯಲ್ಲಿರುವ ಅವರ ಸಹಿ ಎಲ್ಲಕ್ಕಿಂತ ಸುಲಭವಾಗಿ ಬೀಳುತ್ತೆ. ಬಿಡುಗಡೆ ಪತ್ರದ ಕರಡಿನಲ್ಲಿ ಅವರ ಹೆಸರು ಬಿಟ್ಟುಕೊಡುವವರ ಕಡೆ ಇದೆಯಾ ನೋಡಿ. ಇದ್ದರೆ ಅವರ ಜೊತೆ ಒಬ್ಬರೇ ಕೂತು ಮಾತಾಡಿ, ಅಣ್ಣ ಅತ್ತಿಗೆ ಎದುರಿಗೆ ಬೇಡ.