‘ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವುದು’: ಇಳಿಸಿದ ಮೇಲೆ ಮೂಲದಲ್ಲಿ ಏನು ಉಳಿಯುತ್ತದೆ?

ಮನೆಯ ಹಳೆಯ ವಿಡಿಯೋ ಕ್ಯಾಸೆಟ್ಟುಗಳಲ್ಲಿ ಇರುವುದನ್ನು ಡಿಜಿಟಲ್ ರೂಪದಲ್ಲಿ ಕಂಪ್ಯೂಟರಿಗೆ ತಂದುಕೊಳ್ಳುವ ಕೆಲಸಕ್ಕೆ ಕನ್ನಡದಲ್ಲಿ ಯಾವ ಕ್ರಿಯಾಪದ ಸರಿ ಎಂಬುದು ನನ್ನ ಪ್ರಶ್ನೆ. ತುಮಕೂರಿನಲ್ಲಿ ನಾನು ಕೇಳಿರುವಂತೆ ಈ ಒಂದೇ ಕೆಲಸಕ್ಕೆ ಕನ್ವರ್ಟ್ ಮಾಡಿಸು, ಇಳಿಸು, ಏರಿಸು, ಹಾಕಿಸು, ವರ್ಗಾಯಿಸು ಎಂಬ ಐದು ಮಾತುಗಳಿವೆ. ಬರವಣಿಗೆಗೆ ಬಂದರೆ ಪರಿವರ್ತನೆ, ಡಿಜಿಟಲೀಕರಣ, ಅಂಕೀಕರಣ ಎಂಬ ಇನ್ನೂ ಮೂರು ಸೇರಿಕೊಳ್ಳುತ್ತವೆ. ಯಾವುದನ್ನು ಬಳಸಿದರೂ ಅರ್ಥ ಒಂದೇ ಎಂದು ನಾನೂ ನಂಬಿಕೊಂಡಿದ್ದೆ. ಹಾಗಲ್ಲ ಎಂದು ತಿಳಿದದ್ದು ಒಂದು ಕ್ಯಾಸೆಟ್ಟನ್ನು ಕಳೆದುಕೊಂಡ ಮೇಲೆ.

ನಮ್ಮ ಮನೆಯಲ್ಲಿ ಹನ್ನೊಂದು ವಿ.ಎಚ್.ಎಸ್. ಕ್ಯಾಸೆಟ್ಟುಗಳಿದ್ದವು. ಅವುಗಳಲ್ಲಿ ಒಂದು 1992ರಲ್ಲಿ ಶಿರಾದಲ್ಲಿ ನಡೆದ ನನ್ನ ಅಕ್ಕನ ಮದುವೆಯದು. ಅದರ ಕೊನೆಯ ಭಾಗದಲ್ಲಿ ನಮ್ಮ ಅಜ್ಜಿ ಮಣೆಯ ಪಕ್ಕದಲ್ಲಿ ಕುಳಿತು ಸೋಬಾನೆ ಹೇಳುತ್ತಾರೆ. ಅಜ್ಜಿಯ ದನಿ ಉಳಿದಿದ್ದದ್ದು ಅದೊಂದರಲ್ಲೇ. ಮೊದಲು ಒಂದನ್ನು ಮಾಡಿಸಿ ನೋಡೋಣವೆಂದು ಆ ಕ್ಯಾಸೆಟ್ಟನ್ನು ಊರಿನ ಒಂದು ಅಂಗಡಿಗೆ ಕೊಟ್ಟು, ರಸೀದಿಯಲ್ಲಿ ನಾನೇ ನನ್ನ ಕೈಯಾರೆ ‘ಡಿ.ವಿ.ಡಿ.ಗೆ ಪರಿವರ್ತಿಸಿ ಕೊಡುವುದು’ ಎಂದು ಬರೆದೆ. ಹದಿನೈದು ದಿನ ಬಿಟ್ಟು ಹೋದಾಗ ಒಂದು ಡಿಸ್ಕನ್ನು ಕೈಗಿತ್ತರು. ಕ್ಯಾಸೆಟ್ ಎಲ್ಲಿ ಎಂದು ಕೇಳಿದ್ದಕ್ಕೆ, ‘ಬದಲಾಯಿಸಿ ಕೊಟ್ಟಿದ್ದೇವಲ್ಲ ಸಾರ್, ಹಳೇದನ್ನ ಗುಜರಿಗೆ ಹಾಕಿದ್ವಿ’ ಎಂಬ ಉತ್ತರ ಬಂತು. ಮನೆಗೆ ಬಂದು ನೋಡಿದರೆ ಡಿಸ್ಕಿನಲ್ಲಿ ಮದುವೆಯ ಚಿತ್ರ ಎರಡು ಗಂಟೆ ಓಡಿ ನಿಂತುಹೋಗಿತ್ತು. ಅಜ್ಜಿಯ ಹಾಡು ಇದ್ದದ್ದು ಅದರ ಮುಂದೆ.

ಅಂಗಡಿಯವರ ಅಲಕ್ಷ್ಯ ಇದರಲ್ಲಿ ಇದ್ದೇ ಇದೆ. ಆದರೆ ನಾನು ಬರೆದ ಮಾತೂ ಅವರಿಗೆ ಆ ಅರ್ಥವನ್ನೇ ಕೊಟ್ಟಿತು ಎಂಬುದನ್ನು ಎಷ್ಟು ಸಲ ಯೋಚಿಸಿದರೂ ಅಲ್ಲಗಳೆಯಲಾರೆ. ಹಾಲು ಮೊಸರಾಗಿ ಪರಿವರ್ತನೆಯಾದ ಮೇಲೆ ಹಾಲು ಉಳಿಯುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಈ ಪದ ದಿನನಿತ್ಯ ಕಿವಿಗೆ ಬೀಳುವುದು ಭೂಪರಿವರ್ತನೆ ಎಂಬ ರೂಪದಲ್ಲಿ. ಭೂಪರಿವರ್ತನೆಯಾಗಿ ನಿವೇಶನವಾದ ಹೊಲದಲ್ಲಿ ಮತ್ತೆ ರಾಗಿ ಬಿತ್ತುವವರನ್ನು ನಾನು ಕಂಡಿಲ್ಲ. ಒಂದು ಇದ್ದದ್ದು ಇನ್ನೊಂದು ಆಗುವುದು, ಆಗುವಾಗ ಮೊದಲಿನದು ಇಲ್ಲವಾಗುವುದು, ಇದು ಪರಿವರ್ತನೆ. ಬದಲಾಯಿಸು ಎಂಬುದಂತೂ ಇನ್ನೂ ನೇರ: ಹಳೆಯ ಹಿತ್ತಾಳೆ ಪಾತ್ರೆಯನ್ನು ಕೊಟ್ಟು ಹೊಸ ಸ್ಟೀಲು ಪಾತ್ರೆ ಬದಲಾಯಿಸಿಕೊಂಡವರು ಹಳೆಯದನ್ನು ವಾಪಸು ಕೇಳುವುದಿಲ್ಲ. ಆದುದರಿಂದ ಈ ಕೆಲಸಕ್ಕೆ ಪರಿವರ್ತನೆ, ಬದಲಾವಣೆ ಎರಡನ್ನೂ ಕೈಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ರೂಪಾಂತರ ಎಂಬುದು ನಾಟಕ, ಕತೆಗಳ ಲೋಕಕ್ಕೆ ಸೇರಿದ್ದು. ಅದನ್ನು ಇಲ್ಲಿಗೆ ಎಳೆಯುವ ಅಗತ್ಯ ಕಾಣುವುದಿಲ್ಲ.

ವರ್ಗಾವಣೆಗೂ ಇದೇ ತೊಡಕು ಉಂಟು. ತುಮಕೂರಿನಿಂದ ಚಿಂತಾಮಣಿಗೆ ವರ್ಗವಾದ ಮೇಷ್ಟರು ತುಮಕೂರಿನ ಶಾಲೆಯಲ್ಲಿ ಇರುವುದಿಲ್ಲ. ಒಂದು ಖಾತೆಯಿಂದ ಇನ್ನೊಂದಕ್ಕೆ ಹಣ ವರ್ಗಾಯಿಸಿದರೆ ಮೊದಲಿನ ಖಾತೆಯಲ್ಲಿ ಅಷ್ಟು ಕಡಿಮೆಯಾಗುತ್ತದೆ. ನಮ್ಮ ಚಿಕ್ಕಮ್ಮ ಒಮ್ಮೆ ತುಂಬಾ ಆತಂಕದಿಂದ, ‘ಕಂಪ್ಯೂಟರಿಗೆ ವರ್ಗಾಯಿಸಿದ ಮೇಲೆ ಕ್ಯಾಸೆಟ್ಟು ಖಾಲಿಯಾಗಿಬಿಡುತ್ತದೆಯೇ?’ ಎಂದು ಕೇಳಿದರು. ಆಕೆ ಪದವನ್ನು ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದರು.

ಇನ್ನು ನಕಲು. ಇದು ಅರಬ್ಬಿಯ ನಕ್ಲ್ ಎಂಬುದರಿಂದ ಬಂದ ಪದ. ಅಲ್ಲಿ ಅದಕ್ಕೆ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು ಎಂಬ ಅರ್ಥವೂ ಉಂಟು, ನೋಡಿ ಬರೆದುಕೊಳ್ಳುವುದು ಎಂಬ ಅರ್ಥವೂ ಉಂಟು. ಕನ್ನಡಕ್ಕೆ ಬಂದದ್ದು ಎರಡನೆಯದು. ತಾಲ್ಲೂಕು ಕಚೇರಿಯಲ್ಲಿ ನಕಲಿಗೆ ಅರ್ಜಿ ಹಾಕುವುದು ಗೌರವದ ವ್ಯವಹಾರ. ದೃಢೀಕೃತ ನಕಲು ನ್ಯಾಯಾಲಯದಲ್ಲೂ ನಡೆಯುತ್ತದೆ, ಅದನ್ನು ಪಡೆದದ್ದರಿಂದ ಮೂಲ ಕಡತಕ್ಕೆ ಏನೂ ಆಗುವುದಿಲ್ಲ. ಅರ್ಥದ ದೃಷ್ಟಿಯಿಂದ ನಮಗೆ ಬೇಕಾದದ್ದು ಇದೇ. ಆದರೆ ಪರೀಕ್ಷೆಯ ಕೊಠಡಿ ಈ ಪದಕ್ಕೆ ಮಸಿ ಬಳಿದಿದೆ, ನಕಲಿ ಎಂಬ ಅದರ ಒಡಹುಟ್ಟು ಇನ್ನಷ್ಟು ಬಳಿದಿದೆ. ಅಜ್ಜಿಯ ಹಾಡಿನ ನಕಲು ಎಂದು ಬರೆಯಲು ನನ್ನ ಕೈ ಏಳುವುದಿಲ್ಲ. ಪ್ರತಿ ಎಂಬುದಕ್ಕೆ ಅಂತಹ ಕಳಂಕವಿಲ್ಲ. ಓಲೆಗರಿಗಳ ಕಾಲದಿಂದಲೂ ನಮ್ಮಲ್ಲಿ ಗ್ರಂಥಗಳು ಬದುಕಿ ಬಂದದ್ದು ಪ್ರತಿಯಿಂದ ಪ್ರತಿಗೆ. ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ದೋಷ ನನ್ನದಲ್ಲ ಎಂದು ಲಿಪಿಕಾರರು ಕೊನೆಯಲ್ಲಿ ಬರೆದಿಡುತ್ತಿದ್ದರು. ಪ್ರತಿ ಎಂದೊಡನೆ ಮೂಲ ಎಂಬ ಇನ್ನೊಂದು ಪದ ತಾನಾಗಿ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಇದಕ್ಕಿಂತ ದೊಡ್ಡ ಅನುಕೂಲ ನನಗೆ ಬೇರೆ ಯಾವ ಪದದಲ್ಲೂ ಕಾಣಲಿಲ್ಲ.

ಈಗ ಜನರು ಹೆಚ್ಚಾಗಿ ಆಡುವ ಇಳಿಸು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಲಾರಿಯಿಂದ ಸರಕು ಇಳಿಸುತ್ತೇವೆ, ಒಲೆಯಿಂದ ಅನ್ನ ಇಳಿಸುತ್ತೇವೆ. ಇಳಿಸಿದ ಮೇಲೆ ಲಾರಿಯೂ ಖಾಲಿ, ಒಲೆಯೂ ಖಾಲಿ. ಹೂವಿನಿಂದ ಅತ್ತರು ಬಟ್ಟಿ ಇಳಿಸಿದರೆ ಸಾರ ಈ ಕಡೆ ಬಂದು ಚರಟ ಆ ಕಡೆ ಉಳಿಯುತ್ತದೆ. ಆದರೆ ಬರಹಕ್ಕೆ ಇಳಿಸು ಎಂಬಲ್ಲಿ ಹೀಗಾಗುವುದಿಲ್ಲ. ಜನಪದ ಗೀತೆಗಳನ್ನು ಸಂಗ್ರಹಿಸಿದವರು ಹಾಡುವ ಹೆಂಗಸರ ಮುಂದೆ ಕುಳಿತು ಹಾಡನ್ನು ಬರಹಕ್ಕೆ ಇಳಿಸಿಕೊಂಡರು. ಅದರಿಂದ ಹಾಡಿದವರ ನೆನಪಿನಲ್ಲಿ ಒಂದು ಸೊಲ್ಲೂ ಕಡಿಮೆಯಾಗಲಿಲ್ಲ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂದು ಹುಡುಕಿದಾಗ ವಿಭಕ್ತಿಯಲ್ಲಿದೆ ಎಂದು ನನಗೆ ತೋರಿತು. ‘ಲಾರಿಯಿಂದ’ ಎಂದು ಹೊರಟ ಜಾಗವನ್ನು ಎತ್ತಿ ಹೇಳಿದಾಗ ಆ ಜಾಗ ಬರಿದಾಗುವ ಭಾವ ಬರುತ್ತದೆ. ‘ಬರಹಕ್ಕೆ’ ಎಂದು ಸೇರುವ ಜಾಗವನ್ನು ಮಾತ್ರ ಹೇಳಿದಾಗ ಒಂದು ಮಾಧ್ಯಮದಲ್ಲಿದ್ದದ್ದು ಇನ್ನೊಂದು ಮಾಧ್ಯಮದಲ್ಲಿಯೂ ನೆಲೆಗೊಂಡಿತು ಎಂಬ ಭಾವ ಬರುತ್ತದೆ. ಹಾಗಾದರೆ ‘ಕ್ಯಾಸೆಟ್ಟಿನಿಂದ ಇಳಿಸು’ ಎನ್ನುವುದಕ್ಕಿಂತ ‘ಹಾಡನ್ನು ಕಂಪ್ಯೂಟರಿಗೆ ಇಳಿಸು’ ಎನ್ನುವುದು ಸುರಕ್ಷಿತ. ಈ ತರ್ಕದಲ್ಲಿ ವ್ಯಾಕರಣ ಬಲ್ಲವರಿಗೆ ದೋಷ ಕಂಡರೆ ದಯವಿಟ್ಟು ತಿದ್ದಬೇಕು.

ಏರಿಸು ಎಂಬುದನ್ನು ಅಂತರಜಾಲಕ್ಕೆ ಸೇರಿಸುವ ಕೆಲಸಕ್ಕೆ ಬಿಟ್ಟುಕೊಡುವುದು ಒಳ್ಳೆಯದು. ಅಟ್ಟಕ್ಕೇರಿಸಿದ್ದನ್ನು ಮರೆತುಬಿಡುವುದು ಸುಲಭ, ಮತ್ತು ಈ ಕ್ಯಾಸೆಟ್ಟುಗಳು ಇಪ್ಪತ್ತು ವರ್ಷ ಇದ್ದದ್ದು ಅಟ್ಟದಲ್ಲಿಯೇ.

ಅಂಕೀಕರಣದ ವಿಷಯಕ್ಕೆ ಬರುತ್ತೇನೆ. ಇದನ್ನು ನಾನು ಮೊದಲು ಪಂಡಿತರ ಪದವೆಂದು ದೂರ ಇಟ್ಟಿದ್ದೆ. ಅಂಗೀಕಾರದ ಜೊತೆಗೆ ಗೊಂದಲವಾಗಿ ಅಚ್ಚಿನಲ್ಲಿ ಅಂಗೀಕರಣ ಎಂದು ಬಿದ್ದರೆ ತಿದ್ದುವುದು ಕಷ್ಟ ಎಂಬ ಭಯವೂ ಇತ್ತು. ಆದರೆ ಕೆಲಸ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಿದ ಮೇಲೆ ಈ ಪದದ ಮೇಲೆ ನನಗೆ ಗೌರವ ಬಂದಿದೆ. ವಿ.ಎಚ್.ಎಸ್. ಕ್ಯಾಸೆಟ್ಟಿನ ಒಳಗಿರುವುದು ಅರ್ಧ ಅಂಗುಲ ಅಗಲದ ಪಟ್ಟಿ. ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಅದರ ಉದ್ದ ಸುಮಾರು 258 ಮೀಟರ್. ಕ್ಯಾಸೆಟ್ಟನ್ನು ಓಡಿಸುವ ಯಂತ್ರವಾದ ವಿ.ಸಿ.ಆರ್.ನ ಉರುಳೆ, ನಮ್ಮ ದೇಶದ ಟಿ.ವಿ.ಗಳಲ್ಲಿದ್ದ ಪಾಲ್ ಎಂಬ ಚಿತ್ರಪದ್ಧತಿಯಲ್ಲಿ ಸೆಕೆಂಡಿಗೆ 25 ಸುತ್ತು ತಿರುಗುತ್ತ, ಪಟ್ಟಿಯ ಮೇಲೆ ಕಾಂತರೂಪದಲ್ಲಿರುವ ಓರೆ ಗೆರೆಗಳನ್ನು ಓದುತ್ತದೆ. ಅಲ್ಲಿ ಅಂಕಿಯೇ ಇಲ್ಲ. ಬೆಳಕಿನ ಏರಿಳಿತಕ್ಕೆ ತಕ್ಕಂತೆ ಏರಿಳಿಯುವ ಒಂದು ಅಲೆ ಮಾತ್ರ ಇದೆ. ಹಳದಿ ತಂತಿಯಲ್ಲಿ ಚಿತ್ರ, ಕೆಂಪು ಮತ್ತು ಬಿಳಿ ತಂತಿಗಳಲ್ಲಿ ಧ್ವನಿ ಹೊರಟು ಒಂದು ಪುಟ್ಟ ಕ್ಯಾಪ್ಚರ್ ಸಾಧನಕ್ಕೆ ಬರುತ್ತವೆ. ಅಲ್ಲಿ ಪ್ರತಿ ಚಿತ್ರವನ್ನು ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆಗಳಾಗಿ ಬಿಡಿಸಿ, ಬೆಳಕನ್ನೂ ಬಣ್ಣವನ್ನೂ ಅಳೆದು ಅಂಕಿಗಳಲ್ಲಿ ಬರೆಯಲಾಗುತ್ತದೆ. ಅಲೆಯನ್ನು ಅಂಕಿ ಮಾಡುವ ಈ ಘಟ್ಟಕ್ಕೆ ಅಂಕೀಕರಣಕ್ಕಿಂತ ಒಪ್ಪುವ ಹೆಸರು ಇಲ್ಲ. ಪಹಣಿಗಳ ಗಣಕೀಕರಣವನ್ನು ನೋಡಿದ ನಮಗೆ ಗಣಕೀಕರಣ ಎಂಬ ಪದ ಹೆಚ್ಚು ಪರಿಚಿತವಾದರೂ, ಅದು ಕಚೇರಿಯ ಒಂದು ವ್ಯವಸ್ಥೆಯನ್ನೇ ಕಂಪ್ಯೂಟರಿಗೆ ತರುವುದನ್ನು ಹೇಳುತ್ತದೆ.

ಆದರೆ ಅಂಕೀಕರಣ ಎಲ್ಲ ಕ್ಯಾಸೆಟ್ಟಿಗೂ ಸಲ್ಲುವುದಿಲ್ಲ ಎಂಬುದನ್ನು ಗಮನಿಸಬೇಕು. 1995ರಲ್ಲಿ ಬಂದ ಮಿನಿ ಡಿ.ವಿ. ಎಂಬ ಪುಟ್ಟ ಕ್ಯಾಸೆಟ್ಟಿನಲ್ಲಿ ಕ್ಯಾಮೆರಾವೇ ಅಂಕಿಗಳನ್ನು ಬರೆದಿರುತ್ತದೆ. ಅದನ್ನು ಫೈರ್‌ವೈರ್ ತಂತಿಯ ಮೂಲಕ ಕಂಪ್ಯೂಟರಿಗೆ ತಂದರೆ ಗಂಟೆಗೆ ಸುಮಾರು 13 ಗಿಗಾಬೈಟಿನ ಕಡತವಾಗುತ್ತದೆ. ಅಲ್ಲಿ ನಡೆಯುವುದು ಇದ್ದ ಅಂಕಿಗಳ ಪ್ರತಿ ಮಾತ್ರ. ಅಂಗಡಿಗಳ ಫಲಕಗಳಲ್ಲಿ ಎರಡನ್ನೂ ಸೇರಿಸಿ ಡಿಜಿಟಲ್ ಮಾಡಿಕೊಡಲಾಗುವುದು ಎಂದು ಬರೆದಿರುತ್ತಾರೆ. ಮೊದಲೇ ಡಿಜಿಟಲ್ ಆಗಿರುವುದನ್ನು ಮತ್ತೆ ಹಳದಿ ತಂತಿಯಲ್ಲಿ ಅಲೆ ಮಾಡಿ, ಆ ಅಲೆಯನ್ನು ಮತ್ತೆ ಅಂಕಿ ಮಾಡಿ ಕೊಟ್ಟರೆ ಗುಣಮಟ್ಟ ಕೆಡುತ್ತದೆ. ಅಸ್ಪಷ್ಟವಾದ ಪದ ಇಂತಹ ಕೆಲಸಕ್ಕೂ ಮರೆಯಾಗುತ್ತದೆ.

ಕ್ಯಾಪ್ಚರ್ ಎಂಬುದನ್ನು ಸೆರೆಹಿಡಿ ಎಂದು ಅನುವಾದಿಸಿರುವುದನ್ನೂ ನೋಡಿದ್ದೇನೆ. ಸೆರೆಹಿಡಿದದ್ದು 1992ರಲ್ಲಿ, ಮಂಟಪದ ಮುಂದೆ ನಿಂತಿದ್ದ ಕ್ಯಾಮೆರಾ. ಇಂದಿನ ಕೆಲಸಕ್ಕೂ ಅದೇ ಪದವಾದರೆ ಎರಡು ಘಟನೆಗಳ ನಡುವಿನ ಕಾಲವೇ ಅಳಿಸಿಹೋಗುತ್ತದೆ.

ವಸ್ತುವಿನ ಹೆಸರಿನ ಬಗ್ಗೆಯೂ ಒಂದು ಮಾತು. ಹಾಡಿನ ಕ್ಯಾಸೆಟ್ಟಿಗೆ ಧ್ವನಿಸುರುಳಿ ಎಂಬ ಚೆಲುವಾದ ಪದ ಬಂದು ನಿಂತಿತು. ಕ್ಯಾಸೆಟ್ ಹೋಗಿ ಸಿ.ಡಿ. ಬಂದ ಮೇಲೂ ಪತ್ರಿಕೆಗಳು ಧ್ವನಿಸುರುಳಿ ಬಿಡುಗಡೆ ಎಂದೇ ಬರೆದವು. ಅದೇ ಜಾಡಿನ ದೃಶ್ಯಸುರುಳಿ ಎಂಬುದು ಮಾತ್ರ ಯಾರ ಬಾಯಲ್ಲೂ ನಿಲ್ಲಲಿಲ್ಲ. ಆದರೂ ರಿಪೇರಿ ಮಾಡುವವರ ಮಾತಿನಲ್ಲಿ ಸುರುಳಿ ಬೇರೆ, ಡಬ್ಬಿ ಬೇರೆ. ಉಳಿದ ಹತ್ತು ಕ್ಯಾಸೆಟ್ಟುಗಳ ಕೆಲಸವನ್ನು ಈಗ ವಹಿಸಿಕೊಂಡಿರುವವರು ಒಬ್ಬ ಹಿರಿಯ ಟಿ.ವಿ. ರಿಪೇರಿಯವರು. ಅವರು ಒಂದರ ಮುಂದಿನ ಮುಚ್ಚಳವನ್ನು ಹೆಬ್ಬೆರಳಿನಿಂದ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು: ಕಪ್ಪು ಸುರುಳಿಯ ಅಂಚಿನ ಮೇಲೆ ಅಕ್ಕಿಹಿಟ್ಟು ಉದುರಿಸಿದ ಹಾಗೆ ಬಿಳಿಯ ಚುಕ್ಕೆಗಳು. ‘ಬೂಷ್ಟು ಹಿಡಿದಿದೆ, ಹೀಗೇ ಓಡಿಸಿದರೆ ಹೆಡ್ಡಿಗೂ ಮೆತ್ತುತ್ತದೆ, ಆಮೇಲೆ ಹಾಕುವ ಸುರುಳಿಗೂ ಅಂಟುತ್ತದೆ’ ಎಂದರು. ಹೆಡ್ಡು ಎಂದರೆ ಯಂತ್ರದಲ್ಲಿ ಪಟ್ಟಿಯನ್ನು ಓದುವ ಭಾಗ. ಒದ್ದೆಯಿಲ್ಲದ ಜಾಗದಲ್ಲಿ ಒಣಗಿಸಿ, ಡಬ್ಬಿ ಬಿಚ್ಚಿ, ಸುರುಳಿಯನ್ನು ಒರೆಸಿ, ಬೇರೆ ಡಬ್ಬಿಗೆ ಹಾಕಿದ ಮೇಲೆಯೇ ವಿ.ಸಿ.ಆರ್.ಗೆ ಕೊಡುವುದು ಅವರ ಕ್ರಮ. ಡಬ್ಬಿ ಬದಲಾದರೂ ಮೂಲ ಉಳಿಯಿತು ಎನ್ನಬೇಕಾದರೆ ಮೂಲವೆಂದರೆ ಸುರುಳಿಯೇ. ಆದುದರಿಂದ ಬರವಣಿಗೆಯಲ್ಲಿ ಮೂಲ ಸುರುಳಿ ಎನ್ನುವುದು ಸರಿಯೆಂದು ನನಗೆ ಅನಿಸುತ್ತದೆ. ಓಡಿಸು ಎಂಬ ಅವರ ಮಾತೂ ಅರ್ಥಪೂರ್ಣವಾದದ್ದು. ಮೂರು ಗಂಟೆಯ ಸುರುಳಿ ಮೂರು ಗಂಟೆ ಓಡಿದರೆ ಮಾತ್ರ ಪ್ರತಿ ಸಿಗುತ್ತದೆ, ಇದರಲ್ಲಿ ಒಳದಾರಿ ಇಲ್ಲ. ನನ್ನ ಅಕ್ಕನ ಮದುವೆ ಎರಡು ಗಂಟೆಗೆ ನಿಂತದ್ದು ಯಾರೋ ಪೂರ್ತಿ ಓಡಿಸದೆ ಎದ್ದುಹೋದದ್ದರಿಂದ. ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಕಂಪನಿಯೆನಿಸಿದ ಜಪಾನಿನ ಫುನಾಯ್ 2016ರಲ್ಲಿಯೇ ತಯಾರಿಕೆ ನಿಲ್ಲಿಸಿತು. ಈಗ ಸುರುಳಿ ಓಡಿಸಬಲ್ಲ ಯಂತ್ರವೂ, ಅದನ್ನು ಬಿಚ್ಚಿ ಜೋಡಿಸಬಲ್ಲ ಕೈಗಳೂ ವಿರಳ.

ಪ್ರತಿ ಎಂಬ ಅರ್ಥದ ಪಡಿಯನ್ನು ಸೇರಿಸಿ ನಾನು ಮೊದಲು ಪಡಿಯಿಳಿಸು ಎಂಬ ಪದವನ್ನು ಕಟ್ಟಿ ನೋಡಿದೆ. ಪಡಿಯಚ್ಚು, ನೆರಳಚ್ಚು (ಜೆರಾಕ್ಸ್) ಇರುವಾಗ ಇದೂ ನಿಲ್ಲಬಹುದು ಎಂಬ ಆಸೆ ಇತ್ತು. ಆದರೆ ಮೊದಲು ಕೊಟ್ಟ ಒಂದು ಕ್ಯಾಸೆಟ್ಟಿನ ಮೇಲೆ ನಾನು ಅಂಟಿಸಿದ್ದ ಚೀಟಿಯನ್ನು ಆ ರಿಪೇರಿಯವರ ಮಗ ಓದಿ, ‘ಪಡಿತರದ ವಿಷಯವೇ?’ ಎಂದು ಕೇಳಿದ. ಪಡಿ ಎಂದರೆ ಅವನಿಗೆ ಅಳೆದು ಕೊಡುವ ಅಕ್ಕಿ. ಓದುವವರಿಗೆ ತಿಳಿಯದ ಪದ ಎಷ್ಟೇ ಅಚ್ಚಗನ್ನಡವಾದರೂ ಇಂತಹ ಚೀಟಿಯ ಮೇಲೆ ಅದಕ್ಕೆ ಜಾಗವಿಲ್ಲ. ಆಮೇಲೆ ಪ್ರತಿ ಇಳಿಸು ಎಂದು ತಿದ್ದಿದೆ. ಅವನು ಓದಿದ ಕೂಡಲೇ, ‘ಸರಿ, ಕ್ಯಾಸೆಟ್ ನಿಮಗೇ ವಾಪಸ್’ ಎಂದ.

ಬಲ್ಲವರಲ್ಲಿ ನನ್ನ ಕೋರಿಕೆ ಎರಡು. ಪ್ರತಿ ತೆಗೆ, ಪ್ರತಿ ಮಾಡು ಎಂಬವು ಬಳಕೆಯಲ್ಲಿವೆ. ಪ್ರತಿ ಇಳಿಸು ಎಂಬ ಜೋಡಣೆ ನಿಮ್ಮ ಕಿವಿಗೆ ಒಪ್ಪುತ್ತದೆಯೇ, ಇದೇ ಅರ್ಥದಲ್ಲಿ ಅದನ್ನು ಹಿಂದೆ ಎಲ್ಲಿಯಾದರೂ ಕಂಡಿದ್ದೀರಾ? ಎರಡನೆಯದು ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ: ಅಲ್ಲಿ ಮನೆಯಲ್ಲಿ ತೆಲುಗು ಆಡುವವರು ಫೋನಿಗೆ ಹಾಡು ತುಂಬಿಸುವುದಕ್ಕೆ ಎಕ್ಕಿಂಚು ಎನ್ನುತ್ತಾರೆ, ಅಂದರೆ ಹತ್ತಿಸು. ಅವರ ಕನ್ನಡದಲ್ಲಿ ಕ್ಯಾಸೆಟ್ಟಿನ ಚಿತ್ರ ಕಂಪ್ಯೂಟರಿಗೆ ಇಳಿಯುತ್ತದೆಯೋ ಹತ್ತುತ್ತದೆಯೋ ತಿಳಿಸಬೇಕು. ಆ ಒಂದನ್ನು ಬಿಟ್ಟು ಉಳಿದ ಒಂಬತ್ತು ಸುರುಳಿಗಳು ಮುಂದಿನ ಸೋಮವಾರ ರಿಪೇರಿಯವರಲ್ಲಿಗೆ ಹೋಗುತ್ತವೆ. ಪ್ರತಿಯೊಂದರ ಮೇಲೂ ಸದ್ಯಕ್ಕೆ ಹೀಗೆ ಬರೆದು ಅಂಟಿಸಿದ್ದೇನೆ: ‘ಕೊನೆಯವರೆಗೆ ಓಡಿಸಿ ಕಂಪ್ಯೂಟರಿಗೆ ಪ್ರತಿ ಇಳಿಸುವುದು, ಮೂಲ ಸುರುಳಿಯನ್ನು ಹಿಂದಿರುಗಿಸುವುದು.’