ಸಾವ್ಕಾರರು ಫಾರಿನ್‌ಗೆ ಹೊರಟರು

ಬಾಗಲಕೋಟೆ ನವನಗರದಲ್ಲಿ ಸಂಜೆ ಆರಾಯ್ತೆಂದರೆ ಗಿರ್ಮಿಟ್ ಗಾಡಿಯ ಪಕ್ಕ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಬೀಳುತ್ತವೆ. ಅವು ನಮ್ಮವು. ದುಡ್ಡು ಕೊಟ್ಟು ತಗೊಂಡದ್ದಲ್ಲ, ಕೂತು ಕೂತು ನಮ್ಮವಾಗಿವೆ. ಒಂದರಲ್ಲಿ ಮಾಸ್ತರು, ಇನ್ನೊಂದರಲ್ಲಿ ಔಷಧಿ ಅಂಗಡಿಯ ಕಂಪೌಂಡರ್, ಮೂರನೆಯದರಲ್ಲಿ ಸಿಮೆಂಟ್ ಡೀಲರ್ ಸಾವ್ಕಾರರು. ಕಾಲು ಅಲ್ಲಾಡುವ ನಾಲ್ಕನೆಯದು ನನಗೆ. ನನ್ನದು ಪ್ರಿಂಟಿಂಗ್ ಪ್ರೆಸ್, ಮರ್ಯಾದೆ ಅಷ್ಟೇ.

ಮೊನ್ನೆ ಸಾವ್ಕಾರರು ಬಂದವರೇ ಫೋನ್ ಮುಂದೆ ಹಿಡಿದರು. ಕಂಪನಿ ಈ ಸಲ ಡೀಲರ್ ಮೀಟ್ ವಿದೇಶದಲ್ಲಿ ಇಟ್ಟಿದೆಯಂತೆ. ಕೊಲಂಬೊ, ಕಠ್ಮಂಡು, ಬಾಲಿ, ದುಬೈ, ಬ್ಯಾಂಕಾಕ್. ಗ್ರೂಪಿನಲ್ಲಿ ವೋಟ್ ಹಾಕಬೇಕು.

"ಮೀಟಿಂಗ್ ಎಷ್ಟು ಹೊತ್ತು?" ಕಂಪೌಂಡರ್ ಕೇಳಿದ.

"ಮೊದಲ ದಿನ ಎರಡು ತಾಸು."

"ಉಳಿದ ನಾಲ್ಕು ದಿನ?"

"ಚರ್ಚೆ," ಅಂದರು ಸಾವ್ಕಾರರು, ಮೀಸೆ ಒರೆಸಿಕೊಳ್ಳುತ್ತಾ. "ಅದೆಲ್ಲ ಇರಲಿ. ಎಲ್ಲಿ ಸೇಫ್ ಅಷ್ಟು ಹೇಳಿ ಮಾಸ್ತರೆ. ಮನೆಯಾಕೆ ಅದೊಂದನ್ನೇ ಕೇಳ್ತಾಳೆ."

ಮಾಸ್ತರು ಪೇಪರಿನಲ್ಲಿ ಟೆಂಡರ್ ನೋಟಿಸನ್ನೂ ಬಿಡದೆ ಓದುವವರು. ಕೊಲಂಬೊದಿಂದ ಶುರು ಮಾಡಿದರು. "2019ರ ಏಪ್ರಿಲ್ 21, ಈಸ್ಟರ್ ಭಾನುವಾರ. ಬಾಂಬ್ ಸಿಡಿದದ್ದು ಚರ್ಚುಗಳಲ್ಲಿ, ಜೊತೆಗೆ ದೊಡ್ಡ ದೊಡ್ಡ ಹೊಟೇಲುಗಳಲ್ಲಿ. ನಮ್ಮ ರಾಜ್ಯದವರೂ ಹೋದರು. ಚುನಾವಣೆ ಓಡಾಟ ಮುಗಿಸಿ ದಣಿವು ಕಳೆಯಲು ಹೋದವರು."

ಯಾರೂ ಮಾತಾಡಲಿಲ್ಲ. ಬಾಣಲೆಯಲ್ಲಿ ಮಿರ್ಚಿ ಚುಯ್ ಅನ್ನುವುದೊಂದೇ ಕೇಳುತ್ತಿತ್ತು. ಈಗ ಅಲ್ಲಿ ಶಾಂತಿ ಇದೆ, ಜನ ಹೋಗಿ ಬರ್ತಾರೆ ಅಂತ ಮಾಸ್ತರೇ ಸೇರಿಸಿದರು. ಆದರೂ ಸಾವ್ಕಾರರ ಬೆರಳು ಕಠ್ಮಂಡು ಕಡೆ ಸರಿದಿತ್ತು.

"ಪಶುಪತಿನಾಥನ ದರ್ಶನವೂ ಆಗ್ತದೆ."

"ಆಗ್ತದೆ. 2025ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸರ್ಕಾರ ಫೇಸ್‌ಬುಕ್, ಯೂಟ್ಯೂಬ್, ವಾಟ್ಸಾಪ್ ಬಂದ್ ಮಾಡಿತು. ಹುಡುಗರು ಬೀದಿಗಿಳಿದರು. ಪಾರ್ಲಿಮೆಂಟಿಗೆ ಬೆಂಕಿ, ದೊಡ್ಡ ಹೊಟೇಲಿಗೂ ಬೆಂಕಿ. ಪ್ರಧಾನಿ ರಾಜೀನಾಮೆ ಕೊಟ್ಟರು. ಏರ್‌ಪೋರ್ಟ್ ಬಾಗಿಲು ಹಾಕಿತು."

"ವಾಟ್ಸಾಪ್ ಬಂದ್ ಮಾಡಿದರೆ ಮತ್ತೇನಾಗ್ತದೆ!" ಅಂದ ಕಂಪೌಂಡರ್. ಅವನು ನಮ್ಮ ಓಣಿಯ ಮೂರು ಗ್ರೂಪಿನ ಅಡ್ಮಿನ್.

"ಆದರೂ ಒಂದು ಮಾತು ಕೇಳಿ," ಅಂದರು ಮಾಸ್ತರು. "ಗಲಾಟೆ ಎಲ್ಲೂ ಆಗಬಹುದು. ಆದಾಗ ಹೊರಬೀಳುವ ದಾರಿ ಎಷ್ಟಿವೆ ಅಂತ ನೋಡಬೇಕು. ನೇಪಾಳದಲ್ಲಿ ವಿಮಾನ ನಿಂತರೆ ಸೋನೌಲಿಗೋ ರಕ್ಸೌಲಿಗೋ ರಸ್ತೆ ಇದೆ. ಗಡಿ ದಾಟಿದರೆ ನಮ್ಮ ದೇಶ. ಬಾಲಿ ದ್ವೀಪ. ಅಲ್ಲಿ ವಿಮಾನ ನಿಂತರೆ ದೋಣಿ ಹತ್ತಿ ಪಕ್ಕದ ಜಾವಾ ದ್ವೀಪಕ್ಕೆ ಹೋಗಿ ಬೇರೆ ವಿಮಾನ ಹುಡುಕಬೇಕು, ಇಲ್ಲಾ ಸುಮ್ನೆ ಕೂರಬೇಕು."

"ಬಾಲಿಯಲ್ಲಿ ಯಾಕೆ ನಿಲ್ತದೆ?"

"ಬೂದಿ. 2024ರ ನವೆಂಬರಿನಲ್ಲಿ ಫ್ಲೋರೆಸ್ ಅನ್ನುವ ಬೇರೆ ದ್ವೀಪದಲ್ಲಿ ಜ್ವಾಲಾಮುಖಿ ಉಗುಳಿತು. ಬಾಲಿಯ ವಿಮಾನಗಳು ರದ್ದಾದವು. ಆ ಬೂದಿ ಎಂಜಿನ್ ಶಾಖಕ್ಕೆ ಕರಗಿ ಗಾಜಿನ ಹಾಗೆ ಒಳಗೆಲ್ಲ ಅಂಟಿಕೊಳ್ತದೆ."

ಸಾವ್ಕಾರರು ನಕ್ಕುಬಿಟ್ಟರು. "ಬೂದಿಗೆ ನಾನು ಅಂಜಬೇಕಾ? ಪಿಪಿಸಿ ಸಿಮೆಂಟ್ ಅಂದರೆ ಏನು ತಿಳಿದಿರಿ? ದಿನಾ ಹಾರುಬೂದಿ ಕೂಡಿಸಿದ್ದನ್ನೇ ಮಾರ್ತೀನಿ."

ದುಬೈ ಹೆಸರು ಬಂದಾಗ 2024ರ ಏಪ್ರಿಲ್ ಮಳೆಯ ಮಾತು ಬಂತು. 75 ವರ್ಷದಲ್ಲಿ ಅಷ್ಟು ಮಳೆ ಬಿದ್ದಿರಲಿಲ್ಲವಂತೆ, ರನ್‌ವೇ ಕೆರೆಯಾಗಿತ್ತಂತೆ. ಸಾವ್ಕಾರರು ಇದಕ್ಕೂ ಕೇರ್ ಮಾಡಲಿಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಓಣಿಗಳನ್ನೇ ಬಿಟ್ಟುಕೊಟ್ಟು ಇಲ್ಲಿಗೆ ಬಂದವರು ನಾವು, ನಮಗೆ ನೀರಿನ ಕಥೆ ಹೇಳ್ತೀರಾ ಅಂದರು. ಅವರನ್ನು ದುಬೈಯಿಂದ ಹಿಂದೆ ತಂದದ್ದು ಕಂಪೌಂಡರ್.

"ಮನೆಯಿಂದ ತಿಂಡಿ ಏನು ಒಯ್ತೀರಿ?"

"ಅನಾರಸ. ಆಕೆ ಮಾಡದೆ ಬಿಡೋದಿಲ್ಲ."

"ಮೇಲೆ ಗಸಗಸೆ ಇರ್ತದಲ್ಲ? ಅಲ್ಲಿ ಅದು ಮಾದಕ ವಸ್ತುವಿನ ಲೆಕ್ಕ. ಹಿಡಿದರೆ ಜೈಲೂ ಆಗಬಹುದು."

"ಗಸಗಸೆಗೆ ಜೈಲಾ!" ಸಾವ್ಕಾರರು ಕುರ್ಚಿಯಲ್ಲಿ ನೆಟ್ಟಗಾದರು. ಬಾಂಬ್, ಬೆಂಕಿ, ಬೂದಿ, ಮಳೆ ಯಾವುದಕ್ಕೂ ಇಷ್ಟು ಗಾಬರಿ ಆಗಿರಲಿಲ್ಲ. ಗಸಗಸೆ ಬಿಟ್ಟು ಅನಾರಸ ಮಾಡು ಅಂತ ಮನೆಯಲ್ಲಿ ಹೇಳುವ ಧೈರ್ಯ ಅವರಿಗಿಲ್ಲ. ದುಬೈ ಅಲ್ಲಿಗೇ ಬಿತ್ತು.

ಉಳಿದದ್ದು ಬ್ಯಾಂಕಾಕ್. ಅದು ಉಳಿಯಲಿ ಅಂತಲೇ ಅವರು ಮೊದಲಿಂದ ಕಾಯುತ್ತಿದ್ದರು ಅಂತ ನನಗೆ ಅನುಮಾನ.

"2025ರ ಮಾರ್ಚ್ 28ಕ್ಕೆ ಮ್ಯಾನ್ಮಾರಿನಲ್ಲಿ ಭೂಕಂಪ ಆಯ್ತು," ಅಂದರು ಮಾಸ್ತರು. "ಬ್ಯಾಂಕಾಕ್‌ನಲ್ಲಿ ಕಟ್ಟುತ್ತಿದ್ದ ಸರ್ಕಾರಿ ಕಟ್ಟಡ ಪೂರಾ ಕುಸಿಯಿತು. ಭಾಳ ಜನ ಸತ್ತರು."

"ಸಿಮೆಂಟ್ ಯಾವುದು?"

"ರೀ, ಜನ ಸತ್ತಿದ್ದಾರೆ."

"ಅದಕ್ಕೇ ಕೇಳ್ತಿದೀನಿ."

"ಕಂಬಿಯ ಮಾದರಿ ಕೆಲವು ಪರೀಕ್ಷೆಯಲ್ಲಿ ಫೇಲಾದವು."

"ಕಂಬಿ ನೋಡಿ!" ಅಂದರು ಸಾವ್ಕಾರರು, ಮೈಮೇಲಿನ ಭಾರ ಇಳಿದವರ ಹಾಗೆ.

ಅಷ್ಟರಲ್ಲಿ ಕಂಪೌಂಡರ್ ನನ್ನ ಕೈಯ ಕಾಗದ ಕಸಿದ. ಸಾವ್ಕಾರರ ಇನ್ಶೂರೆನ್ಸ್ ಫಾರಂ, ನನ್ನ ಪ್ರೆಸ್ಸಿನಲ್ಲೇ ಪ್ರಿಂಟ್ ತೆಗೆಸಿದ್ದು. ಸಣ್ಣ ಅಕ್ಷರ. 'ಮೊದಲೇ ಇರುವ ಕಾಯಿಲೆ' ಅನ್ನುವ ಕಾಲಮ್ಮಿನಲ್ಲಿ ದಪ್ಪಗೆ 'ಇಲ್ಲ' ಅಂತ ಬರೆದಿತ್ತು. ಅಕ್ಷರದ ಪಕ್ಕ ಮಿರ್ಚಿ ಎಣ್ಣೆಯ ಹೆಬ್ಬೆಟ್ಟು.

"ಇಲ್ಲ?" ಅಂದ ಕಂಪೌಂಡರ್. "ನಿಮ್ಮ ಶರ್ಟಿನ ಜೇಬಿನಲ್ಲಿ ಏನದು?"

ಜೇಬಿನಿಂದ ಗುಳಿಗೆ ಶೀಟಿನ ಬೆಳ್ಳಿ ಅಂಚು ಇಣುಕುತ್ತಿತ್ತು. ಹತ್ತರಲ್ಲಿ ಆರು ಖಾಲಿ. ಸಾವ್ಕಾರರು ಅದನ್ನು ಕೈಯಿಂದ ಮುಚ್ಚಿದರು.

"ಇದ್ದದ್ದು ಬಚ್ಚಿಟ್ಟರೆ, ಅಲ್ಲಿ ಶುಗರ್ ಇಳಿದು ಬಿದ್ದಾಗ ಕ್ಲೇಮು ತಿರಸ್ಕರಿಸಬಹುದು. ಆಸ್ಪತ್ರೆ ಬಿಲ್ ನಿಮ್ಮ ತಲೆಗೇ. ಕುಡಿದು ಬಿದ್ದರೂ ಅಷ್ಟೇ. ಪಟ್ಟಾಯದಲ್ಲಿ ಬಾಡಿಗೆ ಸ್ಕೂಟರ್ ಹೊಡೀಬೇಕಂದರೆ ಇಂಟರ್‌ನ್ಯಾಷನಲ್ ಪರ್ಮಿಟ್ ಬೇಕು. ಗುಳಿಗೆ, ಡಾಕ್ಟರ ಚೀಟಿ ಎರಡೂ ಕೈಚೀಲದಲ್ಲಿರಲಿ. ದೊಡ್ಡ ಬ್ಯಾಗ್ ನಿಮಗಿಂತ ಮೊದಲು ಬೇರೆ ದೇಶಕ್ಕೆ ಹೋಗಬಹುದು."

ಇಷ್ಟು ಹೊತ್ತು ನಾವು ಐದು ದೇಶದ ಜಾತಕ ನೋಡಿದೆವು, ಹೊರಟವರ ಜಾತಕ ಯಾರೂ ಕೇಳಿರಲಿಲ್ಲ.

ಸಾವ್ಕಾರರು ಕುರ್ಚಿ ಹತ್ತಿರ ಎಳೆದು ದನಿ ತಗ್ಗಿಸಿದರು. "ನಿಮಗೆ ವ್ಯವಹಾರ ಗೊತ್ತಿಲ್ಲ. ನನಗೆ ಶುಗರ್ ಇದೆ ಅಂತ ಮಾರ್ಕೆಟ್ಟಿಗೆ ಗೊತ್ತಾದರೆ ಉದ್ರಿ ಒಯ್ದವರು ಒಬ್ಬರೂ ರೊಕ್ಕ ಕೊಡೋದಿಲ್ಲ. ಇವತ್ತೋ ನಾಳೆಯೋ ಅಂತ ಕಾಯ್ತಾ ಕೂರ್ತಾರೆ."

ಕಂಪೌಂಡರ್ ಪೆನ್ ಕೊಟ್ಟ. ಬಹಳ ಹೊತ್ತು ನೋಡಿ, 'ಇಲ್ಲ' ಹೊಡೆದು ಹಾಕಿ 'ಇದೆ' ಅಂತ ಬರೆದರು, ಇರುವೆಯಷ್ಟು ಸಣ್ಣದಾಗಿ. ಬ್ಯಾಂಕಾಕಿಗೆ ವೋಟೂ ಒತ್ತಿದರು. ಆಮೇಲೆ, ಶುರು ಮಾಡಿದ ಮೇಲೆ ಪೂರಾ ಮಾಡೋಣ ಅನ್ನಿಸಿತೋ ಏನೋ, ಚಹಾ ಹುಡುಗನನ್ನು ಕರೆದು ಕಿವಿಯಲ್ಲಿ ಏನೋ ಹೇಳಿದರು.

ಹುಡುಗ ತಲೆಯಾಡಿಸಿ, ಅಲ್ಲಿಂದಲೇ ರಸ್ತೆಯಾಚೆಯ ಅಂಗಡಿಗೆ ಕೂಗಿದ: "ನಾಲ್ಕು ಚಾ! ಸಾವ್ಕಾರ್ರಿಗೆ ಶುಗರ್ ಐತಂತ, ಅವರದ್ದಕ್ಕೆ ಸಕ್ರಿ ಬ್ಯಾಡಾ!"

ಪಕ್ಕದ ಗಾಡಿಯಲ್ಲಿ ಬಜಿ ತಿನ್ನುತ್ತಿದ್ದ ಗುತ್ತಿಗೆದಾರ, ಹೋದ ವರ್ಷದಿಂದ ಇನ್ನೂರು ಚೀಲದ ಉದ್ರಿ ಇಟ್ಟವನು, ನಿಧಾನಕ್ಕೆ ತಿರುಗಿ ಸಾವ್ಕಾರರನ್ನು ಮೇಲಿಂದ ಕೆಳಗೆ ನೋಡಿದ.