ವುಡ್‌ಕಾಕ್ ಅಂದರೆ ಕಾಡುಕೋಳಿ ಅಲ್ಲ, ಮತ್ತೇನು?

ನೀಲಗಿರಿಯ ಹಳೆಯ ಬೇಟೆ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪುಟಪುಟಕ್ಕೂ ವುಡ್‌ಕಾಕ್ ಎಂಬ ಹಕ್ಕಿ ಬರುತ್ತದೆ. ಮೊದಲ ಕರಡಿನಲ್ಲಿ ‘ಕಾಡುಕೋಳಿ’ ಎಂದು ಬರೆದಿದ್ದೆ. ಮತ್ತೆ ಓದಿದಾಗ ಮನಸ್ಸು ಒಪ್ಪಲಿಲ್ಲ. ಮಲೆನಾಡಿನವರಿಗೆ ಕಾಡುಕೋಳಿ ಅಂದರೆ ತೋಟದಂಚಿನಲ್ಲಿ ಬೆಳಗ್ಗೆ ಕೂಗುವ ಜುಟ್ಟಿನ ಹುಂಜವೇ ಕಣ್ಣಿಗೆ ಬರುತ್ತದೆ, ಅಲ್ವಾ?

ಇದು ಕೋಳಿ ಜಾತಿಯದ್ದೇ ಅಲ್ಲ. ಗದ್ದೆಯ ಕೆಸರಿನಲ್ಲಿ ಕೊಕ್ಕು ಚುಚ್ಚುವ ಸ್ನೈಪ್ ಹಕ್ಕಿಯ ನಂಟ. ಹಿಮಾಲಯದಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ಪಶ್ಚಿಮ ಘಟ್ಟದ ತಂಪು ಶೋಲೆ ಕಾಡುಗಳಿಗೆ ಬರುತ್ತದೆ. ಹಗಲೆಲ್ಲ ತರಗೆಲೆಯ ನಡುವೆ ಅಲ್ಲಾಡದೆ ಕೂತಿರುತ್ತದೆ. ಮೈಬಣ್ಣವೂ ತರಗೆಲೆಯದ್ದೇ. ಕಾಲಡಿಯಿಂದ ಬುರ್ರನೆ ಎದ್ದಾಗಲೇ ಅಲ್ಲೊಂದು ಹಕ್ಕಿ ಇತ್ತು ಅಂತ ತಿಳಿಯುವುದು. ಕತ್ತಲಾದ ಮೇಲೆ ಎರೆಹುಳ ಹುಡುಕಲು ಹೊರಡುತ್ತದೆ. ಉದ್ದ ಕೊಕ್ಕಿನ ತುದಿಯನ್ನಷ್ಟೇ ಮಣ್ಣೊಳಗೆ ಬಿಚ್ಚಿ ಹುಳವನ್ನು ಹಿಡಿಯಬಲ್ಲದು. ಕಣ್ಣುಗಳು ತಲೆಯ ಮೇಲಕ್ಕೆ, ಹಿಂದಕ್ಕೆ ಸರಿದಿವೆ. ಹಾಗಾಗಿ ಕೊಕ್ಕು ಮಣ್ಣಿನಲ್ಲಿದ್ದರೂ ಬೆನ್ನ ಹಿಂದೆ ಬರುವವರು ಕಾಣುತ್ತಾರೆ.

ಬೇರೆಯವರು ಹೇಗೆ ಕರೆದಿದ್ದಾರೆ ಅಂತ ನೋಡಿದೆ. ಫ್ರೆಂಚರದ್ದು ‘ಬೆಕಾಸ್’. ಬೆಕ್ ಅಂದರೆ ಕೊಕ್ಕು. ಜರ್ಮನ್ನರದ್ದು ‘ವಾಲ್ಡ್‌ಶ್ನೆಪ್ಫೆ’, ಅಂದರೆ ಕಾಡಿನ ಸ್ನೈಪ್. ಈ ದಾರಿ ನನಗೆ ಜಾಸ್ತಿ ಹಿಡಿಸಿತು. ಸ್ನೈಪ್‌ಗೆ ತಮಿಳಿನಲ್ಲಿ ಉಳ್ಳಾನ್, ತೆಲುಗಿನಲ್ಲಿ ಉಲ್ಲಂಕಿ. ಉಲ್ಲಂಕಿ ನನ್ನ ಕಿವಿಗೆ ಕನ್ನಡವೇ. ಹಾಗಾದರೆ ‘ಕಾಡು ಉಲ್ಲಂಕಿ’ ಅಂದರೆ ಮುಗಿಯಿತಲ್ಲ ಅನ್ನಬಹುದು. ಆದರೆ ವುಡ್ ಸ್ನೈಪ್ ಅಂತ ಇನ್ನೊಂದು ಹಕ್ಕಿ ಇದೆ. ಅದೂ ಹಿಮಾಲಯದ್ದೇ, ಅದೂ ಚಳಿಗಾಲಕ್ಕೆ ನೀಲಗಿರಿಗೆ ಬರುವಂಥದ್ದು. ಆ ಹೆಸರು ಅದಕ್ಕೇ ಇರಲಿ.

ಸದ್ಯಕ್ಕೆ ‘ತರಗೆಲೆ ಉಲ್ಲಂಕಿ’ ಎಂದು ಬರೆದುಕೊಂಡಿದ್ದೇನೆ. ಹಕ್ಕಿ ಇರುವ ಜಾಗವೂ ಬಣ್ಣವೂ ಅದರಲ್ಲಿ ಬಂತು. ಆದರೂ ಇದು ಮೇಜಿನ ಮುಂದೆ ಕೂತು ಕಟ್ಟಿದ ಹೆಸರು. ಕಾಡಿನವರ ಬಾಯಲ್ಲಿರುವ ಒಂದು ಪದ ಸಿಕ್ಕರೆ ಇದನ್ನು ಈಗಲೇ ಹೊಡೆದುಹಾಕುತ್ತೇನೆ. 1972ರ ವನ್ಯಜೀವಿ ಕಾಯ್ದೆಗೆ ಮುಂಚೆ ಬೇಟೆಗೆ ಹೋಗುತ್ತಿದ್ದವರು, ಅವರ ಜೊತೆ ಸೋವು ಹಾಕಲು, ಅಂದರೆ ಪೊದೆ ಬಡಿದು ಬೇಟೆ ಎಬ್ಬಿಸಲು, ಹೋಗುತ್ತಿದ್ದವರು ಈ ಹಕ್ಕಿಯನ್ನು ಏನೋ ಒಂದು ಹೆಸರಿನಿಂದ ಕರೆದಿರಲೇಬೇಕು. ಕೊಡಗು, ಚಿಕ್ಕಮಗಳೂರಿನ ಮನೆಗಳಲ್ಲಿ ಹಿರಿಯರಿದ್ದರೆ ದಯವಿಟ್ಟು ಒಂದು ಮಾತು ಕೇಳಿ. ನೀಲಗಿರಿಯ ಬಡಗರ ಮಾತು ಬಲ್ಲವರು ಯಾರಾದರೂ ಇದ್ದೀರಾ?